ಕ್ರೀಡಾವೀರ ಪಾಲ್ವಣಕರ್ ಬಾಳೂ

ಸುಗ್ಗಿ ಮುಗಿದು ಹೊಲಗಳು ಬಯಲಾದ ಮೇಲೆ ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದ ಕಡೆಗೆ ಹೋಗಿಬಂದ ವಾಚಕರು ಅಲ್ಲಿನ ಹುಡುಗರು ಕ್ರಿಕೆಟ್ ಆಡುವುದನ್ನು ಕಂಡೇ ಇರುವರು. ಮೂರು ಕೋಲುಗಳನ್ನು ನೆಟ್ಟು, ಕಾಲಿನಿಂದ ಗೆರೆ ಎಳೆದು, ಹೊತ್ತು ಮುಳುಗುವವರೆಗೂ ಆಡುವ ಆ ಬಾಲಕರಲ್ಲಿ ಯಾರು ಯಾವ ಕೇರಿಯವರೆಂಬುದು ದೂರದಿಂದ ನೋಡುವವರಿಗೆ ತಿಳಿಯದು. ಕೈಯಿಂದ ಕೈಗೆ ಹೋಗುವ ಚೆಂಡಿಗೂ ಅದು ತಿಳಿಯದು. ನಮ್ಮ ನಾಡಿನ ಎಷ್ಟೋ ಊರುಗಳಲ್ಲಿ ಆಟ ನಿಂತು ಬಾಯಾರಿಕೆಯಾದಾಗಲೇ ಕೇರಿಯ ನೆನಪು ಹುಟ್ಟುವುದು. ಯಾರು ಯಾರ ಹೊಸ್ತಿಲವರೆಗೆ ಹೋಗಬಹುದು, ಯಾರಿಗೆ ಯಾವ ಲೋಟ ಎಂಬ ವಿಚಾರವು ಆಗ ಬರುವುದು. ಈ ವಿಚಾರವನ್ನು ಜೀವಮಾನವೆಲ್ಲ ಎದುರಿಸಿ, ತಮ್ಮ ಎಡಗೈಯ ಚಾತುರ್ಯದಿಂದ ಅದಕ್ಕೆ ಉತ್ತರ ಕೊಟ್ಟ ಕನ್ನಡ ನೆಲದಲ್ಲಿ ಹುಟ್ಟಿದ ಒಬ್ಬ ಮಹನೀಯರ ಚರಿತ್ರೆಯನ್ನು ಇಂದು ವಾಚಕರ ಮುಂದಿಡಲು ಬಯಸುತ್ತೇವೆ.

ಪಾಲ್ವಣಕರ್ ಬಾಳೂರವರು ೧೮೭೬ರಲ್ಲಿ ಧಾರವಾಡದಲ್ಲಿ ಜನಿಸಿದರು. ಕುಟುಂಬದ ಮೂಲಸ್ಥಾನವು ಕೊಂಕಣ. ಜಾತಿಯು ಚರ್ಮಕಾರರದು, ಎಂದರೆ, ಸತ್ತ ದನದ ತೊಗಲನ್ನು ಹದಮಾಡಿ ಸಮಸ್ತರ ಕಾಲಿಗೆ ಮೆಟ್ಟು ಹೊಲಿದುಕೊಟ್ಟ ಅಪರಾಧಕ್ಕಾಗಿ ಸಮಸ್ತರಿಂದಲೂ ದೂರವಿಡಲ್ಪಟ್ಟ ಜಾತಿ. ತಂದೆಯು ಸೈನ್ಯದ ಸಂಬಂಧದ ಕೆಲಸದಲ್ಲಿದ್ದುದರಿಂದ ಸಂಸಾರವು ಪುಣೆಗೆ ಬಂದಿತು. ಅಲ್ಲಿ ಆಂಗ್ಲ ಅಧಿಕಾರಿಗಳು ಬಿಸುಟ ಹಳೆಯ ಬ್ಯಾಟು ಚೆಂಡುಗಳಿಂದ ಬಾಳೂ ಮತ್ತು ಅವರ ತಮ್ಮ ಶಿವರಾಮ ಇಬ್ಬರೂ ಆಟ ಕಲಿತರು. ವಿದ್ಯಾಭ್ಯಾಸವನ್ನು ಹೆಚ್ಚು ದಿನ ಮುಂದುವರಿಸುವ ಅನುಕೂಲವಿರಲಿಲ್ಲ. ಪಾರ್ಸಿಗಳ ಒಂದು ಕ್ರಿಕೆಟ್ ಸಂಘದಲ್ಲಿ ಮೈದಾನ ಗುಡಿಸಿ, ನೆಲಕ್ಕೆ ಉರುಳುಗಲ್ಲು ಎಳೆಯುವ ಕೆಲಸ ದೊರೆಯಿತು. ಸಂಬಳವು ತಿಂಗಳಿಗೆ ಮೂರು ರೂಪಾಯಿ. ಸದಸ್ಯರಿಗೆ ಅಭ್ಯಾಸ ಬೇಕಾದಾಗ ಒಂದಿಷ್ಟು ಹೊತ್ತು ಚೆಂಡೆಸೆಯುವುದೂ ಆ ಕೆಲಸದೊಳಗೇ ಸೇರಿತ್ತು.

೧೮೯೨ರ ಸುಮಾರಿಗೆ ಈ ಹುಡುಗನು ಐರೋಪ್ಯರ ಪುಣೆ ಕ್ಲಬ್ಬನ್ನು ಸೇರಿದನು. ನೆಲವನ್ನು ಸಮಮಾಡುವುದು, ಗೆರೆ ಹಾಕುವುದು, ಬಲೆ ಕಟ್ಟುವುದು, ಬೇಕಾದಾಗ ಟೆನ್ನಿಸ್ ಅಂಕಣಕ್ಕೆ ಸುಣ್ಣದ ಗೆರೆ ಎಳೆಯುವುದು ಆತನ ಕರ್ತವ್ಯಗಳು. ಹೀಗೆ ಮಣ್ಣಿನೊಡನೆ ನಿತ್ಯವೂ ಒಡನಾಡಿದವನಿಗೆ ಯಾವ ನೆಲದಲ್ಲಿ ಚೆಂಡು ತಿರುಗುವುದು, ಯಾವುದರಲ್ಲಿ ಜಾರುವುದು, ಬೆಳಗಿನ ತೇವವಿರುವಾಗ ಹೇಗೆ, ಮಧ್ಯಾಹ್ನದ ಬಿಸಿಲಿಗೆ ಬಿರಿದಾಗ ಹೇಗೆ ಎಂಬ ಜ್ಞಾನವು ಪುಸ್ತಕವಿಲ್ಲದೆಯೇ ಕೈಗೆ ಬಂದಿತು. ಕ್ಲಬ್ಬಿನ ಸದಸ್ಯರೊಬ್ಬರ ಪ್ರೋತ್ಸಾಹದಿಂದ ಬಲೆಯಲ್ಲಿ ಎಸೆಯತೊಡಗಿದ ಈ ಎಡಗೈಯ ನಿಧಾನ ಬೌಲರನನ್ನು ಎದುರಿಸುವುದೇ ಅಲ್ಲಿನ ಪ್ರಸಿದ್ಧ ಆಟಗಾರ ಗ್ರೀಗ್ ಸಾಹೇಬರಿಗೆ ನಿತ್ಯದ ಅಭ್ಯಾಸವಾಯಿತು. ತಮ್ಮನ್ನು ಔಟು ಮಾಡಿದ ಪ್ರತಿ ಸಲಕ್ಕೂ ಅವರು ಎಂಟಾಣೆ ಕೊಡುತ್ತಿದ್ದರೆಂದು ಹೇಳುವರು. ಕೆಲವೇ ಹೆಜ್ಜೆಗಳ ಓಟ, ಶ್ರಮವಿಲ್ಲದ ಎಸೆತ, ಎರಡು ಪಕ್ಕಕ್ಕೂ ಚೆಂಡನ್ನು ತಿರುಗಿಸುವ ಬೆರಳು, ಎತ್ತರ ವೇಗಗಳನ್ನು ಅರಿಯದಂತೆ ಬದಲಿಸುವ ಬುದ್ಧಿ, ಇವೆಲ್ಲವೂ ಆ ಬಲೆಯಲ್ಲಿಯೇ ಪಕ್ವವಾದವು. ಇಷ್ಟಾದರೂ ಅಲ್ಲಿ ಬ್ಯಾಟು ಹಿಡಿಯುವ ಅವಕಾಶವು ಆತನಿಗೆ ಬರಲಿಲ್ಲ. ಎಸೆಯುವುದು ಸೇವಕರ ಕೆಲಸ, ಹೊಡೆಯುವುದು ದೊರೆಗಳ ಕೆಲಸ ಎಂಬ ಭಾವನೆಯು ಆ ಕಾಲದ ಕ್ರಿಕೆಟ್ಟಿನಲ್ಲಿ ನೆಲಸಿತ್ತು.

ಬಾಳೂರವರ ಕೀರ್ತಿಯು ಪುಣೆಯ ಹಿಂದೂ ಆಟಗಾರರ ಕಿವಿಗೆ ಬಿದ್ದಿತು. ಐರೋಪ್ಯರನ್ನು ಸೋಲಿಸಬೇಕೆಂಬ ಹಂಬಲ ಅವರಿಗೆ ಬಹಳವಾಗಿತ್ತು. ಸೋಲಿಸಬಲ್ಲವನು ಎದುರಿಗೇ ಇದ್ದನು. ಆದರೆ ಆತನು ಅಸ್ಪೃಶ್ಯನು. ಚರ್ಚೆಯು ಬಹಳ ನಡೆಯಿತು. ತೆಲುಗು ಸದಸ್ಯರು ಕೆಲವರು ಸೇರಿಸಿಕೊಳ್ಳೋಣವೆಂದರು. ಸ್ಥಳೀಯ ಬ್ರಾಹ್ಮಣ ಸದಸ್ಯರು ಹಿಂಜರಿದರು. ಕಡೆಗೆ ಗೆಲುವಿನ ಆಸೆಯು ಮಡಿಯ ಭಯವನ್ನು ಜಯಿಸಿತು. ಜಯಿಸಿತೆಂದೆವಷ್ಟೆ, ಪೂರ್ಣವಾಗಿ ಜಯಿಸಲಿಲ್ಲವೆಂಬುದನ್ನೂ ಹೇಳಬೇಕು. ಮೈದಾನದಲ್ಲಿ ಹನ್ನೊಂದು ಮಂದಿಯೂ ಒಂದೇ ಚೆಂಡನ್ನು ಮುಟ್ಟುತ್ತಿದ್ದರು. ಚಹಾದ ವೇಳೆ ಬಂದಾಗ ಹತ್ತು ಮಂದಿಗೆ ಒಳಗೆ ಪಿಂಗಾಣಿಯ ಬಟ್ಟಲು. ಬಾಳೂರವರಿಗೆ ಹೊರಗೆ, ಕುಡಿದು ಬಿಸಾಡತಕ್ಕ ಮಣ್ಣಿನ ಕುಡಿಕೆ. ಕೈಕಾಲು ತೊಳೆಯಬೇಕಾದರೆ ಅವರ ಜಾತಿಯಂತೆಯೇ ದೂರವಿಡಲ್ಪಟ್ಟ ಆಳೊಬ್ಬನು ಮೂಲೆಯಲ್ಲಿ ನೀರೆರೆಯುತ್ತಿದ್ದನು. ಊಟಕ್ಕೂ ಅವರ ತಟ್ಟೆ ಬೇರೆ, ಸ್ಥಳ ಬೇರೆ. ಆಟ ಮುಂದುವರಿದಾಗ ಅದೇ ಜನರು ಅವರ ಕೈಗೆ ಚೆಂಡಿತ್ತು, ತಮ್ಮ ಮಾನವನ್ನು ಕಾಪಾಡೆಂದು ನಿಂತುಕೊಳ್ಳುತ್ತಿದ್ದರು.

ಸಾತಾರೆಯ ಐರೋಪ್ಯ ಸಂಘದವರ ಮೇಲೆ ಆಡಿದ ಪಂದ್ಯವು ಈ ಸಂದರ್ಭದಲ್ಲಿ ಸ್ಮರಣೀಯವಾದುದು. ಚೆಂಡು ತಿರುಗದಿರಲೆಂದು ಅವರು ಒಂದು ವಾರವೆಲ್ಲ ನೆಲಕ್ಕೆ ಉರುಳುಗಲ್ಲು ಎಳೆಸಿದ್ದರಂತೆ. ಉರುಳುಗಲ್ಲಿನ ಕೆಲಸವನ್ನೇ ಹೊಟ್ಟೆಪಾಡಿಗಾಗಿ ಮಾಡಿದವರಿಗೆ ಆ ಉಪಾಯವು ಹೊಸದಲ್ಲ. ಬಾಳೂರವರು ಏಳು ವಿಕೆಟ್ಟುಗಳನ್ನು ಉರುಳಿಸಿ ಗೆದ್ದುಬಂದರು. ಪುಣೆಯಲ್ಲಿ ಸನ್ಮಾನವು ನಡೆಯಿತು. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ಈ ತರುಣನನ್ನು ಬಹಿರಂಗವಾಗಿ ಪ್ರಶಂಸಿಸಿ, ಆತನೊಡನೆ ಆಡಬಲ್ಲವರು ಆತನೊಡನೆ ಕುಳಿತು ಉಣ್ಣಬಾರದೇಕೆಂಬ ಪ್ರಶ್ನೆಯನ್ನು ಜನರ ಮುಂದಿಟ್ಟರು. ಲೋಕಮಾನ್ಯ ತಿಲಕರೂ ಸಾರ್ವಜನಿಕವಾಗಿ ಅವರನ್ನು ಗೌರವಿಸಿದರು. ಸಮಾಜ ಸುಧಾರಣೆಯ ವಿಷಯದಲ್ಲಿ ಪರಸ್ಪರ ಎದುರಾಗಿ ನಿಂತಿದ್ದ ಆ ಇಬ್ಬರು ಧುರೀಣರೂ ಒಬ್ಬ ಚರ್ಮಕಾರ ಯುವಕನ ಆಟವನ್ನು ಮೆಚ್ಚುವುದರಲ್ಲಿ ಒಂದಾದುದು ಸಾಮಾನ್ಯ ಸಂಗತಿಯಲ್ಲ.

ಪುಣೆಯಲ್ಲಿ ಪ್ಲೇಗು ಹಬ್ಬಿದ ಕಾಲದಲ್ಲಿ ಬಾಳೂರವರು ಮುಂಬಯಿಗೆ ಹೋದರು. ೧೮೯೪ರಲ್ಲಿ ಸ್ಥಾಪಿತವಾಗಿದ್ದ ಹಿಂದೂ ಜಿಮಖಾನೆಯು ಅವರನ್ನು ಸೇರಿಸಿಕೊಂಡಿತು. ಅಲ್ಲಿಯೂ ಆಕ್ಷೇಪಣೆಗಳೆದ್ದವು, ನಾಯಕ ಕೀರ್ತಿಕರರು ಅವುಗಳನ್ನು ತಣ್ಣಗಾಗಿಸಿದರು. ರೈಲ್ವೆ ಕಂಪನಿಯಲ್ಲಿ ಉದ್ಯೋಗವೂ ದೊರೆಯಿತು. ಆಗಿನ ಮುಂಬಯಿಯಲ್ಲಿ ಮತಕ್ಕೊಂದು ಜಿಮಖಾನೆ, ಮತಕ್ಕೊಂದು ತಂಡ. ದೇಶವನ್ನು ಕೋಮುಗಳಾಗಿ ಕಾಣುವ ಈ ಏರ್ಪಾಡನ್ನು ಮುಂದೆ ಮಹಾತ್ಮರು ೧೯೪೦ರಲ್ಲಿ ಖಂಡಿಸಿದರು. ೧೯೪೬ರಲ್ಲಿ ಅದು ಕೊನೆಗೊಂಡಿತು. ಕೊನೆಗೊಂಡುದು ಒಳ್ಳೆಯದೇ ಆಯಿತು. ಆದರೆ ಈ ಶತಮಾನಗಳ ಸಂಧಿಕಾಲದಲ್ಲಿ ಆಳುವ ಜನರನ್ನು ಸಮಾನಸ್ಕಂಧವಾಗಿ ಎದುರಿಸಲು ಭಾರತೀಯನಿಗಿದ್ದ ರಂಗಗಳು ಬಹಳ ಕಡಮೆ. ಅವುಗಳಲ್ಲಿ ಆ ಮೈದಾನವು ಒಂದಾಗಿತ್ತು.

೧೯೦೬ರ ಫೆಬ್ರವರಿಯಲ್ಲಿ ಮುಂಬಯಿಯಲ್ಲಿ ಹಿಂದೂಗಳಿಗೂ ಐರೋಪ್ಯರಿಗೂ ಪಂದ್ಯವು ನಡೆಯಿತು. ವಂಗದೇಶವು ಒಡೆದು ಕೆಲವೇ ತಿಂಗಳಾಗಿದ್ದವು. ಸ್ವದೇಶೀ ಚಳವಳಿಯು ಭರದಿಂದ ಸಾಗಿತ್ತು. ಹಿಂದಿನ ವರ್ಷವೇ ಜಪಾನು ರಷ್ಯವನ್ನು ಸೋಲಿಸಿ, ಏಷ್ಯದವರು ಸೋಲುವುದಕ್ಕಾಗಿಯೇ ಹುಟ್ಟಿದವರೆಂಬ ಮಾತನ್ನು ಸುಳ್ಳುಮಾಡಿತ್ತು. ಹಿಂದೂಗಳು ಮೊದಲು ೨೪೨ ರನ್ನುಗಳನ್ನು ಗಳಿಸಿದರು, ಐರೋಪ್ಯರು ೧೯೧. ಎರಡನೆಯ ಸರದಿಯಲ್ಲಿ ಹಿಂದೂಗಳು ೧೬೦ಕ್ಕೆ ಮುಗಿಸಿದರು. ಐರೋಪ್ಯರಿಗೆ ೨೧೨ ಬೇಕಾಗಿತ್ತು. ಅವರು ೧೦೨ಕ್ಕೆ ಕುಸಿದರು. ೧೦೯ ರನ್ನುಗಳ ಈ ಗೆಲುವಿನಲ್ಲಿ ಬಾಳೂರವರು ಎರಡೂ ಸರದಿಗಳಿಂದ ಎಂಟು ವಿಕೆಟ್ಟುಗಳನ್ನು ತೆಗೆದುಕೊಂಡರು. ತಮ್ಮ ಶಿವರಾಮರೂ ಅದೇ ತಂಡದಲ್ಲಿದ್ದರು. ದೇಶದ ಪತ್ರಿಕೆಗಳು ಇದನ್ನು ಬರಿಯ ಆಟದ ವರ್ತಮಾನವೆಂದು ಬಗೆಯಲಿಲ್ಲ. ಪರಕೀಯರ ಮೇಲಿನ ಗೆಲುವಿಗಿಂತಲೂ ಹಿಂದೂ ಸಮಾಜವು ತನ್ನ ಮೇಲೆಯೇ ಪಡೆದ ಗೆಲುವು ದೊಡ್ಡದೆಂದು ಸುಧಾರಕರ ಪತ್ರಿಕೆಗಳು ಬರೆದವು. ಅಷ್ಟು ಹೊತ್ತಿಗೆ ಸಹೋದರರಿಬ್ಬರಿಗೂ ಜಿಮಖಾನೆಯಲ್ಲಿ ಉಳಿದವರೊಡನೆ ಕುಳಿತು ಉಣ್ಣಲು ಅಡ್ಡಿಯಿರಲಿಲ್ಲ. ಪುಣೆಯ ಮಣ್ಣಿನ ಕುಡಿಕೆಯಿಂದ ಮುಂಬಯಿಯ ಊಟದ ಮೇಜಿನವರೆಗೆ ಸಮಾಜವು ನಡೆದ ದಾರಿಗೆ ಹತ್ತು ವರ್ಷಗಳು ಹಿಡಿದಿದ್ದವು.

೧೯೧೧ರಲ್ಲಿ ಪಟಿಯಾಲೆಯ ಮಹಾರಾಜ ಭೂಪೇಂದ್ರಸಿಂಹರ ನಾಯಕತ್ವದಲ್ಲಿ ಅಖಿಲ ಭಾರತದ ತಂಡವೊಂದು ಪ್ರಥಮವಾಗಿ ಇಂಗ್ಲೆಂಡಿಗೆ ಹೋಯಿತು. ಹಿಂದೂ, ಮುಸಲ್ಮಾನ, ಪಾರ್ಸಿ, ಸಿಖ್ಖರೆಲ್ಲರೂ ಅದರಲ್ಲಿದ್ದರು. ನಮ್ಮ ಬೆಂಗಳೂರಿನ ಬಿ. ಜಯರಾಮರೂ ಇದ್ದರು. ಮಹಾರಾಜರು ಔತಣಗಳಲ್ಲಿಯೂ ದರ್ಬಾರುಗಳಲ್ಲಿಯೂ ಮಗ್ನರಾದುದರಿಂದ ತಂಡವು ಹೆಚ್ಚು ಪಂದ್ಯಗಳನ್ನು ಸೋತಿತು. ಎಲ್ಲರೂ ಸೋಲುತ್ತಿದ್ದಾಗ ಒಬ್ಬರು ಮಾತ್ರ ದಿನದಿನವೂ ಗೆಲ್ಲುತ್ತಿದ್ದರು. ಮೂವತ್ತೈದರ ವಯಸ್ಸಿನಲ್ಲಿ, ಕೈನೋವನ್ನು ಸಹಿಸಿಕೊಂಡು, ಅಪರಿಚಿತವಾದ ತಣ್ಣನೆಯ ನೆಲದ ಮೇಲೆ ಬಾಳೂರವರು ೧೧೪ ವಿಕೆಟ್ಟುಗಳನ್ನು ತೆಗೆದರು. ಒಂದೊಂದಕ್ಕೆ ಕೊಟ್ಟ ರನ್ನು ಸರಾಸರಿ ಹತ್ತೊಂಬತ್ತಕ್ಕಿಂತಲೂ ಕಡಮೆ. ಕೇಂಬ್ರಿಜ್ ವಿಶ್ವವಿದ್ಯಾನಿಲಯದ ವಿರುದ್ಧ ಒಂದೇ ಸರದಿಯಲ್ಲಿ ೧೦೩ ರನ್ನುಗಳಿಗೆ ಎಂಟು ವಿಕೆಟ್ಟುಗಳು ಅವರಿಗೆ ದಕ್ಕಿದವು. ಲೀಸ್ಟರ್‌ಷೈರ್ ಪ್ರಾಂತವನ್ನು ಸೋಲಿಸಿದ ಪಂದ್ಯದಲ್ಲಿ ಹನ್ನೊಂದು ವಿಕೆಟ್ಟುಗಳು ಅವರವು. ಸಾಮರ್‌ಸೆಟ್ ಪ್ರಾಂತದ ಮೇಲೆ ಒಂದೇ ವಿಕೆಟ್ಟಿನಿಂದ ಗೆದ್ದಾಗ ನೂರು ರನ್ನು ದಾಟಿ ಔಟಾಗದೆ ನಿಂತವರು ತಮ್ಮ ಶಿವರಾಮರು. ಅದೇ ವರ್ಷದ ಜುಲೈಯಲ್ಲಿ ಕಲ್ಕತ್ತೆಯ ಮೋಹನ ಬಗಾನಿನವರು ಬರಿಗಾಲಲ್ಲಿ ಕಾಲ್ಚೆಂಡಾಡಿ ಗೋರಾ ಸಿಪಾಯಿಗಳನ್ನು ಸೋಲಿಸಿದ್ದನ್ನು ನಾವೆಲ್ಲರೂ ನೆನೆಯುತ್ತೇವೆ. ಅದೇ ಬೇಸಗೆಯಲ್ಲಿ ಸಮುದ್ರದಾಚೆಯ ಈ ಸಹೋದರರ ಸಾಹಸವನ್ನು ನೆನೆಯುವವರು ವಿರಳ.

ಹಿಂದಿರುಗಿದಾಗ ಮುಂಬಯಿಯ ದಲಿತ ಜನರು ಬಾಳೂರವರಿಗೆ ಸ್ವಾಗತವನ್ನೇರ್ಪಡಿಸಿ ಬಿನ್ನವತ್ತಳೆಯನ್ನರ್ಪಿಸಿದರು. ಅದನ್ನು ಬರೆದವರು ಭೀಮರಾವ್ ಅಂಬೇಡ್ಕರ್ ಎಂಬ ಕಾಲೇಜು ವಿದ್ಯಾರ್ಥಿಯೆಂದು ಹೇಳುವರು. ಆ ಜನರ ಗುಡಿಸಲುಗಳಲ್ಲಿ ಬಾಳೂರವರ ಹೆಸರು ಆಗ ಮನೆಮಾತಾಗಿತ್ತು. ತಮ್ಮವನೊಬ್ಬನು ಜಗತ್ತಿನೆದುರು ತಲೆಯೆತ್ತಿ ನಿಂತನೆಂಬ ಹೆಮ್ಮೆಯನ್ನು ಅವರಿಗೆ ಪ್ರಥಮವಾಗಿ ಕೊಟ್ಟವರಲ್ಲಿ ಇವರೊಬ್ಬರು.

ಇಲ್ಲಿಗೆ ಚರಿತ್ರೆಯು ಮುಗಿದಿದ್ದರೆ ನಾವು ಹರ್ಷದಿಂದ ಲೇಖನಿಯನ್ನು ಕೆಳಗಿಡಬಹುದಾಗಿತ್ತು. ಆದರೆ ಊಟದ ಮೇಜಿನ ಆಚೆಗೆ ಇನ್ನೊಂದು ಬಾಗಿಲು ಇತ್ತು. ಅದು ನಾಯಕತ್ವದ ಬಾಗಿಲು. ಹಿರಿತನ, ಅನುಭವ, ಆಟದ ಜ್ಞಾನ, ಯಾವುದರಿಂದ ನೋಡಿದರೂ ಹಿಂದೂ ತಂಡದ ನಾಯಕರಾಗಲು ಬಾಳೂರವರಿಗಿಂತ ಅರ್ಹರಿರಲಿಲ್ಲ. ವರ್ಷವರ್ಷವೂ ಬೇರೆಯವರು ಆರಿಸಲ್ಪಟ್ಟರು. ೧೯೧೩ರಲ್ಲಿ ನಾಯಕರಾದ ಎಂ.ಡಿ. ಪೈಯವರು ಬ್ರಾಹ್ಮಣರು, ಸಜ್ಜನರು. ತಮಗೆ ನಡೆದ ಸನ್ಮಾನದಲ್ಲಿಯೇ ಅವರು ಆ ಸ್ಥಾನವು ಬಾಳೂರವರಿಗೆ ಸಲ್ಲಬೇಕಾಗಿತ್ತೆಂದು ಬಹಿರಂಗವಾಗಿ ಒಪ್ಪಿಕೊಂಡರು. ಆ ಒಪ್ಪಿಗೆಯು ಪೈಯವರಿಗೆ ಭೂಷಣವಾಯಿತು. ಆರಿಸುವವರ ಮನಸ್ಸನ್ನು ಕದಲಿಸಲಿಲ್ಲ. ಬಾಳೂರವರು ಬಾಯಿಬಿಟ್ಟು ದೂರಲಿಲ್ಲ. ಕೊಟ್ಟ ಚೆಂಡನ್ನು ತೆಗೆದುಕೊಂಡು, ತಮಗಿಂತ ಕಿರಿಯರು ತೋರಿಸಿದ ತುದಿಯಿಂದ ಎಸೆಯುತ್ತಿದ್ದರು.

ತಮ್ಮಂದಿರು ಮಾತ್ರ ಸುಮ್ಮನಿರಲಿಲ್ಲ. ೧೯೨೦ರ ಡಿಸೆಂಬರಿನ ಪಂದ್ಯಾವಳಿಗೆ ಬಾಳೂರವರನ್ನು ಮೊದಲು ತಂಡದಿಂದಲೇ ಬಿಟ್ಟರು. ಪೈಯವರು ಅಸ್ವಸ್ಥರಾಗಿರಲು ನಾಯಕತ್ವವನ್ನು ಪುಣೆಯ ದೇವಧರರಿಗೆ ವಹಿಸಿದರು. ಆಗ ಆಟದ ಉಚ್ಛ್ರಾಯದಲ್ಲಿದ್ದ ಕಿರಿಯ ಸಹೋದರ ವಿಠ್ಠಲರೂ ಶಿವರಾಮರೂ ತಂಡದಿಂದ ಹಿಂದೆ ಸರಿದು, ಜಾತಿಯ ಕಾರಣದಿಂದ ನಡೆದ ಈ ಅವಮಾನವನ್ನು ಸಹಿಸಲಾರೆವೆಂದು ಹೇಳಿಕೆಯನ್ನು ಪ್ರಕಟಿಸಿದರು. ಅದೇ ತಿಂಗಳು ನಾಗಪುರದಲ್ಲಿ ಕಾಂಗ್ರೆಸ್ಸು ನೆರೆದು, ಅಸ್ಪೃಶ್ಯತೆಯು ತೊಲಗದೆ ಸ್ವರಾಜ್ಯವಿಲ್ಲವೆಂಬ ಮಹಾತ್ಮರ ಮಾತನ್ನು ದೇಶವು ಆಲಿಸುತ್ತಿತ್ತು. ಸಾರ್ವಜನಿಕರ ಅಭಿಪ್ರಾಯವು ಸಹೋದರರ ಕಡೆಗೆ ತಿರುಗಿತು. ಅಂತಿಮ ಪಂದ್ಯಕ್ಕೆ ಪೈಯವರು ಮರಳಿ ಬಂದರು. ಬಾಳೂರವರನ್ನು ಕರೆದು ಉಪನಾಯಕರನ್ನಾಗಿ ಮಾಡಿದರು. ಪಂದ್ಯದ ನಡುವೆ ಪೈಯವರು ಕೆಲವು ಹೊತ್ತು ಮೈದಾನದಿಂದ ಹೊರಗಿದ್ದು ನಡೆಸುವ ಭಾರವನ್ನು ಅವರಿಗೊಪ್ಪಿಸಿದರು. ನಲವತ್ತನಾಲ್ಕು ವರ್ಷದ ಮುದಿ ಆಟಗಾರನಿಗೆ, ಆಟದ ಕಡೆಯ ದಿನಗಳಲ್ಲಿ, ಕೆಲವು ಗಳಿಗೆಗಳ ನಾಯಕತ್ವ! ಅದನ್ನೂ ಒಬ್ಬ ಸಹೃದಯ ಗೆಳೆಯನೇ ದಾರಿಮಾಡಿ ಕೊಡಬೇಕಾಯಿತು. ೩೩ ಪ್ರಥಮ ದರ್ಜೆಯ ಪಂದ್ಯಗಳಲ್ಲಿ ೧೭೯ ವಿಕೆಟ್ಟುಗಳನ್ನು ಸರಾಸರಿ ಹದಿನೈದು ರನ್ನುಗಳಿಗೆ ಒಂದರಂತೆ ಪಡೆದವರಿಗೆ ನಮ್ಮ ಸಮಾಜವು ಕೊಟ್ಟ ಪಟ್ಟವಿಷ್ಟೆ.

ಅಣ್ಣನಿಗೆ ತೆರೆಯದ ಬಾಗಿಲು ತಮ್ಮನಿಗೆ ತೆರೆಯಿತು. ೧೯೨೩ರಲ್ಲಿ ವಿಠ್ಠಲರು ಹಿಂದೂ ತಂಡದ ನಾಯಕರಾದರು; ಆ ವರ್ಷವೇ ತಂಡವು ಐರೋಪ್ಯರನ್ನು ಸೋಲಿಸಿ ಪಂದ್ಯಾವಳಿಯನ್ನು ಗೆದ್ದಿತು. ಜಯಘೋಷ ಮಾಡುತ್ತ ಅವರನ್ನು ಹೆಗಲ ಮೇಲೆ ಹೊತ್ತವರಲ್ಲಿ ಉಚ್ಚ ವರ್ಣದವರೂ ಇದ್ದರು. ಮುಟ್ಟಿದರೆ ಮೈಲಿಗೆಯೆಂದವರ ಮಕ್ಕಳು ಮೈಮುಟ್ಟಿ ಹೊತ್ತು ಮೆರೆಸಿದ ಆ ದಿನಕ್ಕೆ ಬುನಾದಿ ಹಾಕಿದವರು ಬಾಳೂರವರು. ಅಮೆರಿಕಾ ದೇಶದ ದೊಡ್ಡ ಬೇಸ್‌ಬಾಲ್ ತಂಡಗಳ ಬಾಗಿಲು ಜಾಕಿ ರಾಬಿನ್‌ಸನ್ ಎಂಬ ಕರಿಯ ಆಟಗಾರನಿಗೆ ತೆರೆದುದು ೧೯೪೭ರಲ್ಲಿ ಎಂಬುದನ್ನು ನೆನೆದರೆ, ಈ ಸಹೋದರರು ಎಷ್ಟು ಮುಂಚೆ ಎಂಥ ಗೋಡೆಯನ್ನು ತಳ್ಳುತ್ತಿದ್ದರೆಂಬುದು ತಿಳಿದೀತು.

ಆಟದಿಂದ ನಿವೃತ್ತರಾದ ಮೇಲೆ ಬಾಳೂರವರು ಸಾರ್ವಜನಿಕ ಜೀವನವನ್ನು ಪ್ರವೇಶಿಸಿದರು. ೧೯೩೨ರಲ್ಲಿ ಪ್ರತ್ಯೇಕ ಮತಕ್ಷೇತ್ರಗಳ ಪ್ರಶ್ನೆಯು ದೇಶವನ್ನು ಕಲಕಿ, ಮಹಾತ್ಮರು ಯರವಡೆಯ ಸೆರೆಮನೆಯಲ್ಲಿ ಉಪವಾಸಕ್ಕೆ ಕುಳಿತಾಗ, ಡಾಕ್ಟರ್ ಅಂಬೇಡ್ಕರರನ್ನು ಒಡಂಬಡಿಕೆಗೆ ಒಪ್ಪಿಸಲು ಎಂ.ಸಿ. ರಾಜಾರವರೊಡನೆ ಯತ್ನಿಸಿದವರು ಇವರೇ. ಸೆಪ್ಟೆಂಬರ್ ೨೪ರ ಪುಣೆಯ ಒಪ್ಪಂದಕ್ಕೆ ಇವರ ಸಹಿಯೂ ಬಿದ್ದಿತು. ೧೯೩೭ರ ಚುನಾವಣೆಯಲ್ಲಿ ಕಾಂಗ್ರೆಸ್ಸು ಇವರನ್ನು ಮುಂಬಯಿ ಶಾಸನಸಭೆಗೆ ಅಂಬೇಡ್ಕರರ ಎದುರಿಗೇ ನಿಲ್ಲಿಸಿತು. ಅಂಬೇಡ್ಕರರಿಗೆ ೧೩,೨೪೫ ಮತಗಳು, ಬಾಳೂರವರಿಗೆ ೧೧,೨೨೫. ತರುಣನಾಗಿ ಯಾರನ್ನು ಅಂಬೇಡ್ಕರರು ಆದರದಿಂದ ಕೊಂಡಾಡಿದ್ದರೋ ಅವರನ್ನೇ ಎದುರಿಸಬೇಕಾದ ಸಂದರ್ಭವು ಕಹಿಯಾದುದು. ಸಮಾಜವನ್ನು ಒಳಗಿದ್ದು ತಿದ್ದಬೇಕೆಂಬುದು ಒಬ್ಬರ ಮಾರ್ಗ. ಹಕ್ಕನ್ನು ಪ್ರತ್ಯೇಕವಾಗಿ ನಿಂತು ಪಡೆಯಬೇಕೆಂಬುದು ಇನ್ನೊಬ್ಬರ ಮಾರ್ಗ. ಇಬ್ಬರನ್ನೂ ಆ ಮಾರ್ಗಗಳಿಗೆ ದೂಡಿದುದು ಒಂದೇ ಅನ್ಯಾಯ. ಬಾಳೂರವರ ಸೌಮ್ಯತೆಯನ್ನು ಹೊಗಳಿ ಅಂಬೇಡ್ಕರರ ಕಠೋರತೆಯನ್ನು ಹಳಿಯುವವರು ನಮ್ಮಲ್ಲಿ ಬಹಳ ಮಂದಿ ಇದ್ದರು. ಅಂಥವರಿಗೆ ಈ ಚರಿತ್ರೆಯಲ್ಲಿ ಒಂದು ಪಾಠವಿದೆ: ಸೌಮ್ಯರಾಗಿದ್ದವರಿಗೂ ನಾವು ನಾಯಕತ್ವವನ್ನು ಕೊಡಲಿಲ್ಲ.

ಬಾಳೂರವರು ೧೯೫೫ರ ಜುಲೈ ೪ರಂದು ಮುಂಬಯಿಯಲ್ಲಿ ಕಾಲವಾದರು. ಅಸ್ಪೃಶ್ಯತೆಯನ್ನು ರದ್ದುಪಡಿಸಿದ ಸಂವಿಧಾನದ ಹದಿನೇಳನೆಯ ವಿಧಿಯು ೧೯೫೦ರಲ್ಲಿ ಜಾರಿಗೆ ಬಂದುದನ್ನು ಅವರು ಕಂಡಿದ್ದರು. ಬಳಿಕ ಬಹುಕಾಲ ಅವರನ್ನು ಹೆಚ್ಚು ಮಂದಿ ನೆನೆಯಲಿಲ್ಲ. ೨೦೦೨ರಲ್ಲಿ ಬೆಂಗಳೂರಿನ ಇತಿಹಾಸಕಾರ ರಾಮಚಂದ್ರ ಗುಹಾರವರು ಭಾರತದ ಕ್ರಿಕೆಟ್ಟಿನ ಚರಿತ್ರೆಯನ್ನು ಬರೆದಾಗ ಈ ಸಹೋದರರ ಕಥೆಯು ವಿದ್ಯಾವಂತರ ಗಮನಕ್ಕೆ ಮರಳಿ ಬಂದಿತು. ಗುಬ್ಬಿಯೆಂದೊಡನೆ ನಾಟಕದ ವೀರಣ್ಣನವರ ಹೆಸರು ಕನ್ನಡಿಗರ ಬಾಯಿಗೆ ತಾನಾಗಿ ಬರುವುದು. ಧಾರವಾಡದ ಹಿರಿಯರನ್ನು ಎಣಿಸುವಾಗ ಕವಿಗಳ ಹೆಸರೂ ಗಾಯಕರ ಹೆಸರೂ ಬರುವುವು. ಅಲ್ಲಿಯೇ ಹುಟ್ಟಿದ ಈ ಕ್ರೀಡಾವೀರರ ಹೆಸರು ನಾಲಗೆಗೆ ಬರುವುದು ಅಪರೂಪ. ಮೈದಾನಕ್ಕೋ ರಸ್ತೆಗೋ ಹೆಸರಿಡುವುದು ಸುಲಭವಾದ ಗೌರವ. ಅದನ್ನು ಮಾಡುವವರು ಮಾಡಲಿ.

ಕಠಿನವಾದುದು ಬೇರೆಯೇ ಇದೆ. ಒಬ್ಬನ ಶ್ರಮವನ್ನೂ ಕೌಶಲವನ್ನೂ ಬಳಸಿಕೊಳ್ಳಲು ನಮಗೆ ಎಂದೂ ಸಂಕೋಚವಾಗಿಲ್ಲ. ಆತನ ಮಾತಿನಂತೆ ನಡೆಯಬೇಕಾಗಿ ಬಂದಾಗ ಸಂಕೋಚವಾಗಿದೆ. ಚೆಂಡನ್ನು ಕೊಟ್ಟೆವು, ಕಾಲಕ್ರಮದಲ್ಲಿ ಬಟ್ಟಲನ್ನೂ ಕೊಟ್ಟೆವು. ನಾಯಕತ್ವವನ್ನು ಕೊಡಲು ಕೈ ಬರಲಿಲ್ಲ. ಕಚೇರಿಗಳಲ್ಲಿಯೂ ಸಮಿತಿಗಳಲ್ಲಿಯೂ ದೇವಸ್ಥಾನದ ಧರ್ಮದರ್ಶಿಗಳ ಆಯ್ಕೆಯಲ್ಲಿಯೂ ಕುಳಿತಿರುವ ನಮ್ಮ ವಾಚಕ ಮಹಾಶಯರು, ಪಕ್ಕದಲ್ಲಿ ಕುಳ್ಳಿರಿಸಿಕೊಂಡವನನ್ನು ಮುಂದೆ ಕುಳ್ಳಿರಿಸಲು ತಾವು ಸಿದ್ಧರಿರುವೆವೇ ಎಂದು ತಮ್ಮನ್ನು ತಾವೇ ಕೇಳಿಕೊಳ್ಳುವುದು ಉಚಿತ. ಸಿ.ಎಸ್. ಪುರದ ಬಯಲಿನಲ್ಲಿ ಸಂಜೆ ತಂಡಗಳನ್ನು ಆರಿಸುವ ಹುಡುಗರು ಚೆನ್ನಾಗಿ ಆಡುವವನನ್ನು ಮುಂದೆ ನಿಲ್ಲಿಸುವರು. ಆಟ ಮುಗಿಸಿ ಊರೊಳಕ್ಕೆ ಬಂದ ಮೇಲೆಯೂ ಆ ಬುದ್ಧಿಯು ಅವರಲ್ಲಿ ಉಳಿಯುವಂತೆ ಮಾಡುವುದು ಹಿರಿಯರಾದ ನಮ್ಮ ಹೊಣೆ.